ಮನೆಯ ಹತ್ತಿರದ ಕಾಲೇಜೋ, ಕೈಗೆಟುಕುವ ಕಾಲೇಜೋ?

ರಾಜ್ಯೋತ್ಸವದ ನಿಮಿತ್ತ ಬಿಬವೇವಾಡಿಯಲ್ಲಿ ಕೂಡಿದ ಕನ್ನಡ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ



ನಾಡು-ನುಡಿಗಳ ಹಿರಿಮೆಯನ್ನು ಬಣ್ಣಿಸಬಲ್ಲ ವಾಗ್ಮಿಗಳು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಮಗೆ ಆ ಶಕ್ತಿ ಇಲ್ಲ. ನಾವು ಬ್ಯಾಂಕಿನ ಗುಮಾಸ್ತರು, ಬಿ.ಕಾಂ. ಓದಿದವರು, ಕೂಡುವುದು, ಕಳೆಯುವುದು, ಬಡ್ಡಿ ಹಾಕುವುದು, ಇಷ್ಟೇ ನಮಗೆ ಬಂದ ವಿದ್ಯೆ. ಆದುದರಿಂದ ಕಾರ್ಯದರ್ಶಿಗಳು ಬಂದು “ಏನಾದರೂ ಮಾತಾಡಿ” ಎಂದಾಗ, ನಮಗೆ ತಿಳಿದ ಮಾತನ್ನೇ ಆಡುತ್ತೇವೆಂದು ಒಪ್ಪಿಕೊಂಡೆವು. ಪ್ರತಿ ವರ್ಷ ವೈದ್ಯಕೀಯ ಪ್ರವೇಶದ ಕಾಲ ಬಂತೆಂದರೆ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ. ಮಗಳಿಗೆ ಎರಡು ಕಡೆ ಸೀಟು ಸಿಗುವಂತಿದೆ. ಒಂದು ಮನೆಯ ಹತ್ತಿರ, ಆದರೆ ದುಬಾರಿ. ಇನ್ನೊಂದು ಅಗ್ಗ, ಆದರೆ ದೂರ. ಯಾವುದನ್ನು ಹಿಡಿಯಬೇಕು? ಈ ಪ್ರಶ್ನೆಯನ್ನು ಹಿಡಿದು ಬ್ಯಾಂಕಿಗೆ ಬರುವವರನ್ನು ನಾವು ಕಾಣುತ್ತಲೇ ಇದ್ದೇವೆ. ಅದನ್ನೇ ಇಂದು ತಮ್ಮ ಮುಂದೆ ಇಡುತ್ತೇವೆ.

ಈ ಪ್ರಶ್ನೆ ನಮ್ಮ ಹಿರಿಯರಿಗೆ ಇರಲಿಲ್ಲ. ಆಗ ಆರಿಸಿಕೊಳ್ಳಲು ಎರಡು ಕಾಲೇಜುಗಳೇ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಆ ನಾಲ್ಕೂ ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜು ಒಂದೂ ಇರಲಿಲ್ಲ. ಡಾಕ್ಟರನಾಗಬೇಕೆಂದ ಹುಡುಗ 1845ರಲ್ಲಿ ಸ್ಥಾಪಿತವಾದ ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿಗೋ, 1926ರ ಸೇಠ ಗೋರ್ಧನದಾಸ ಸುಂದರದಾಸ ಕಾಲೇಜಿಗೋ, 1946ರಿಂದೀಚೆಗೆ ನಮ್ಮ ಈ ಪುಣೆಯ ಬಿ. ಜೆ. ಮೆಡಿಕಲ್ ಕಾಲೇಜಿಗೋ ಬರಬೇಕಾಗಿತ್ತು. ಬಗಲಲ್ಲಿ ಹಾಸಿಗೆಯ ಸುರುಳಿ, ಕೈಯಲ್ಲಿ ರೊಟ್ಟಿಯ ಗಂಟು. ಸಸೂನ್ ಆಸ್ಪತ್ರೆಯ ವಾರ್ಡುಗಳಲ್ಲಿ ಮರಾಠಿ ರೋಗಿಗಳ ನಾಡಿ ಹಿಡಿದು ಕಲಿತು, ತಿರುಗಿ ಹೋಗಿ ಕನ್ನಡ ರೋಗಿಗಳಿಗೆ ಮದ್ದು ಕೊಟ್ಟ ಡಾಕ್ಟರರ ಋಣ ಉತ್ತರ ಕರ್ನಾಟಕದ ಮೇಲಿದೆ. ಅವರನ್ನು ಡಾಕ್ಟರರನ್ನಾಗಿ ಮಾಡಿದ ಪುಣೆಯ ಋಣವೂ ಇದೆ.

1956ರ ನವೆಂಬರ್ 1ರಂದು ನಾಡು ಒಂದಾಯಿತು. ಮರುವರ್ಷವೇ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಆರಂಭವಾಯಿತು. 1963ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜು ಬಂದಿತು. ಇತ್ತ ಪುಣೆಯಲ್ಲಿಯೂ 1948ರಲ್ಲಿ ಸೈನ್ಯದ ವೈದ್ಯಕೀಯ ಕಾಲೇಜು, 1989ರಲ್ಲಿ ನಮ್ಮ ಬಿಬವೇವಾಡಿಯ ನೆರೆಯ ಧನಕವಡಿಯಲ್ಲಿ ಭಾರತಿ ವಿದ್ಯಾಪೀಠದ ಕಾಲೇಜು, ಆಮೇಲೆ ಇನ್ನೂ ಹಲವು. ಒಂದು ಕಾಲದಲ್ಲಿ ಹುಬ್ಬಳ್ಳಿಯ ಹುಡುಗ ಗತಿಯಿಲ್ಲದೆ ಪುಣೆಗೆ ಬರುತ್ತಿದ್ದ. ಇಂದು ಪುಣೆಯ ಕನ್ನಡ ಹುಡುಗಿ ಹುಬ್ಬಳ್ಳಿಗೆ ಹೋಗಲೇ, ಇಲ್ಲೇ ಇರಲೇ ಎಂದು ಯೋಚಿಸುತ್ತಾಳೆ. ಯೋಚಿಸಲು ಅವಕಾಶ ಬಂದದ್ದು ಭಾಗ್ಯವೇ ಸರಿ. ಆದರೆ ಪ್ರತಿ ಕಾಲೇಜಿಗೂ ಒಂದೊಂದು ಬೆಲೆ, ಆ ಬೆಲೆಯಲ್ಲಿಯೂ ಒಬ್ಬೊಬ್ಬರಿಗೆ ಒಂದೊಂದು.

ಈ ಬೆಲೆಯ ಮಾತು ಸುಪ್ರೀಂ ಕೋರ್ಟಿನ ಬಾಗಿಲನ್ನು ತಟ್ಟಿದ ಕಥೆ ನಮ್ಮ ಕರ್ನಾಟಕದ್ದೇ. ಉತ್ತರ ಪ್ರದೇಶದ ಮೀರತ್ ಪಟ್ಟಣದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ 1991ರಲ್ಲಿ ಕರ್ನಾಟಕದ ಒಂದು ಖಾಸಗಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದ್ದರು. ಆಗ ಜಾರಿಯಲ್ಲಿದ್ದ 1989ರ ಸರಕಾರಿ ಅಧಿಸೂಚನೆಯ ಪ್ರಕಾರ ಸರಕಾರಿ ಸೀಟಿನವರಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರಗಿನವರಿಗೆ 60,000ದವರೆಗೆ. ಒಂದೇ ಬೆಂಚು, ಒಂದೇ ಗುರು, ಒಂದೇ ಶವಚ್ಛೇದನದ ಮೇಜು. ದರ ಮಾತ್ರ ಮೂರು. ಮೊದಲ ವರ್ಷದ 60,000 ಕಟ್ಟಿ, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕಿನ ಖಾತರಿ ಪತ್ರ ತನ್ನಿರೆಂದು ಕಾಲೇಜು ತಿಳಿಸಿತು. ಅಷ್ಟು ಹಣ ನಮ್ಮಿಂದಾಗದು ಎಂದರು ತಂದೆ, ಸೀಟು ಹೋಯಿತು. 1992ರ ಜುಲೈ 30ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು: ವಿದ್ಯೆಗೆ ಕ್ಯಾಪಿಟೇಶನ್ ಶುಲ್ಕ ವಸೂಲು ಮಾಡುವುದು ಸಲ್ಲದು, ವಿದ್ಯೆ ಪಡೆಯುವುದು ಬದುಕುವ ಹಕ್ಕಿನಿಂದಲೇ ಹುಟ್ಟಿದ ಹಕ್ಕು. ತೀರ್ಪು ದೇಶದಲ್ಲೆಲ್ಲ ಹೆಸರಾಯಿತು. ಆದರೆ ಆ ಹುಡುಗಿಗೆ ಸೀಟು ಕೊಡಿಸಲು ನ್ಯಾಯಾಲಯ ಒಪ್ಪಲಿಲ್ಲ. ಆಮೇಲೆ 1993, 2002, 2005ರ ತೀರ್ಪುಗಳಲ್ಲಿ ಕಾನೂನು ಹಲವು ಸಲ ಮಗ್ಗುಲು ಬದಲಿಸಿತು. ಖಾಸಗಿ ಸಂಸ್ಥೆಗಳು ತಮ್ಮ ಶುಲ್ಕವನ್ನು ತಾವು ನಿಗದಿ ಮಾಡಬಹುದು, ಲಾಭಕೋರತನ ಕೂಡದು ಎಂಬಲ್ಲಿಗೆ ಬಂದು ನಿಂತಿದೆ. ಈ ಕಥೆಯಿಂದ ನಾವು ತೆಗೆದುಕೊಳ್ಳುವ ಮಾತು ಇಷ್ಟೇ: ಕೋರ್ಟು ತತ್ತ್ವವನ್ನು ಹೇಳೀತು, ಮನೆಯ ಲೆಕ್ಕವನ್ನು ಮಾತ್ರ ಮನೆಯವರೇ ಮಾಡಬೇಕು.

ಲೆಕ್ಕಕ್ಕೆ ಮೊದಲು, ಪುಣೆಯ ಕನ್ನಡ ಮಗು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿಯಬೇಕು. ಇಲ್ಲೇ ಹುಟ್ಟಿ, ಇಲ್ಲೇ ಹತ್ತು ಮತ್ತು ಹನ್ನೆರಡನೆಯ ತರಗತಿ ಮುಗಿಸಿದ ಮಗು ಮಹಾರಾಷ್ಟ್ರದ್ದೇ. ಇಲ್ಲಿಯ ಸರಕಾರಿ ಕಾಲೇಜುಗಳ ನೂರರಲ್ಲಿ 85 ಸೀಟುಗಳಿಗೆ ಅದು ಹಕ್ಕುದಾರ. ಕರ್ನಾಟಕದ ಸರಕಾರಿ ಸೀಟಿಗೆ ಮಾತ್ರ ಸಾಮಾನ್ಯವಾಗಿ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಮನೆಮಾತು ಕನ್ನಡವೆಂದ ಮಾತ್ರಕ್ಕೆ ಆ ಬಾಗಿಲು ತಾನಾಗಿ ತೆರೆಯುವುದಿಲ್ಲ. ಎಲ್ಲ ರಾಜ್ಯಗಳ ಸರಕಾರಿ ಕಾಲೇಜುಗಳಲ್ಲಿ ಅಖಿಲ ಭಾರತ ಪಾಲೆಂದು ನೂರಕ್ಕೆ 15 ಸೀಟುಗಳಿವೆ. ಅಲ್ಲಿ ಊರು ಕೇಳುವುದಿಲ್ಲ, ನೀಟ್ ಪರೀಕ್ಷೆಯ ಅಂಕವನ್ನು ಕೇಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹತ್ತನೆಯ ತರಗತಿಯನ್ನು ಪುಣೆಯಲ್ಲಿ ಮುಗಿಸಿದ ಮಗನನ್ನು, ಕನ್ನಡ ನಾಡಿನ ಸಹವಾಸವಾಗಲಿ ಎಂದೋ, ಒಳ್ಳೆಯ ತರಬೇತಿ ಸಿಗಲಿ ಎಂದೋ, ಪಿ.ಯು.ಸಿ.ಗೆ ಧಾರವಾಡಕ್ಕೆ ಇಲ್ಲವೆ ಮಂಗಳೂರಿಗೆ ಕಳಿಸುವ ಮನೆಗಳಿವೆ. ಉದ್ದೇಶ ಒಳ್ಳೆಯದು. ಆದರೆ ಹನ್ನೆರಡನೆಯದು ಮಹಾರಾಷ್ಟ್ರದಲ್ಲಿ ಆಗದಿದ್ದರೆ, ಕೆಲವು ವಿನಾಯತಿಗಳನ್ನು ಬಿಟ್ಟು, ಇಲ್ಲಿಯ 85ರ ಪಾಲು ತಪ್ಪುತ್ತದೆ. ಏಳು ವರ್ಷ ತುಂಬದ್ದರಿಂದ ಅಲ್ಲಿಯ ಪಾಲೂ ಸಿಗುವುದಿಲ್ಲ. ಹುಡುಗ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಆದುದರಿಂದ ಕಾಲೇಜನ್ನು ಆರಿಸುವ ಕೆಲಸ ಹನ್ನೆರಡನೆಯ ತರಗತಿಯ ಆಮೇಲೆ ಆರಂಭವಾಗುವುದಿಲ್ಲ. ಹತ್ತನೆಯ ತರಗತಿ ಮುಗಿದ ದಿನವೇ ಆರಂಭವಾಗುತ್ತದೆ.

ಇನ್ನು ನಮ್ಮಲ್ಲಿ ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳಿಂದ ಬಂದವರು ಬಹಳ. ಆ ತಾಲೂಕುಗಳ ಕನ್ನಡ ಮಕ್ಕಳಿಗೆ ಕರ್ನಾಟಕದ ಪ್ರವೇಶ ನಿಯಮಗಳಲ್ಲಿ ಗಡಿನಾಡ ಕನ್ನಡಿಗರೆಂಬ ಬೇರೆ ಕಲಮು ಇದೆ. ಹೊರನಾಡ ಕನ್ನಡಿಗರ ಮಾತೂ ಅಲ್ಲಿದೆ. ಎಲ್ಲಿ ವಾಸ, ಎಷ್ಟು ವರ್ಷ ಓದು ಎಂಬ ಷರತ್ತುಗಳನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಅಕ್ಷರಕ್ಷರ ಓದಿಕೊಳ್ಳಬೇಕು. ನೆರೆಯವರ ಮಾತನ್ನು ನಂಬಿ ಕೂಡಬಾರದು.

ನಮ್ಮ ಕಣ್ಣೆದುರಿಗೇ ಇದ್ದು ಕಾಣದ ಒಂದು ದಾರಿಯನ್ನು ಹೇಳಬೇಕು. ಬಿಬವೇವಾಡಿಯ ಕಾರ್ಮಿಕ ವಿಮಾ ಆಸ್ಪತ್ರೆಯನ್ನು ಅರಿಯದವರಾರು? ಆ ಆಸ್ಪತ್ರೆಯನ್ನು ನಡೆಸುವ ಕಾರ್ಮಿಕ ರಾಜ್ಯ ವಿಮಾ ಯೋಜನೆಯ ವೈದ್ಯಕೀಯ ಕಾಲೇಜುಗಳೂ ಇವೆ. ಅವುಗಳಲ್ಲಿ ಒಂದು ಕಲಬುರಗಿಯಲ್ಲಿ, ಇನ್ನೊಂದು ಬೆಂಗಳೂರಿನ ರಾಜಾಜಿನಗರದಲ್ಲಿ. ವಿಮೆಗೆ ಒಳಪಟ್ಟ ಕಾರ್ಮಿಕರ ಮಕ್ಕಳಿಗೆಂದೇ ಅಲ್ಲಿ ಸೀಟುಗಳನ್ನು ಕಾದಿರಿಸಿದ್ದಾರೆ. ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಅಣ್ಣಂದಿರು ಪಗಾರಿನಿಂದ ವಿಮೆಯ ಕಂತು ಕಡಿದುಹೋಗುವುದನ್ನು ಮಾತ್ರ ಬಲ್ಲರು. ಅರ್ಹತೆಯ ಪ್ರಮಾಣಪತ್ರವನ್ನು ವೇಳೆಗೆ ಸರಿಯಾಗಿ ಪಡೆದರೆ ಆ ಕಂತು ಮಗಳನ್ನು ಡಾಕ್ಟರಳನ್ನಾಗಿ ಮಾಡೀತು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಬಡಾವಣೆಯ ಒಂದು ಮನೆಯ ಸಂಗತಿ, ಹೆಸರು ಬೇಡ. ತಂದೆಗೆ ಕಾರಖಾನೆಯಲ್ಲಿ ಮೇಲ್ವಿಚಾರಕನ ಕೆಲಸ, ತಾಯಿ ಗೃಹಿಣಿ. ಮಗಳಿಗೆ ಎರಡು ಸೀಟು ಎಟುಕಿದವು. ಒಂದು ಪುಣೆಯದೇ ಖಾಸಗಿ ಕಾಲೇಜು, ವರ್ಷಕ್ಕೆ ಎಂಟು ಲಕ್ಷ ಶುಲ್ಕ. ಇನ್ನೊಂದು 2016ರಲ್ಲಿ ತೆರೆದ ಗೋಂದಿಯಾದ ಸರಕಾರಿ ಕಾಲೇಜು. ಗೋಂದಿಯಾ ಎಲ್ಲಿ? ಮಹಾರಾಷ್ಟ್ರದ ಮೂಡಣ ತುದಿಯಲ್ಲಿ, ಎಂಟುನೂರು ಕಿಲೋಮೀಟರಿಗೂ ಆಚೆ. ತಾಯಿ ಬ್ಯಾಂಕಿಗೇ ಬಂದು ಕೇಳಿದರು: “ಅಣ್ಣಾರ, ಸಾತಾರಾ ರಸ್ತೆದಿಂದ ರಾತ್ರಿ ಬಸ್ ಹತ್ತಿದ್ರ ಬೆಳಗಾಗೂದ್ರಾಗ ಹುಬ್ಬಳ್ಳಿ ಬರತೈತಿ. ಅದು ಪರರಾಜ್ಯ ಅಂತಾರ. ಇಡೀ ಒಂದ ದಿನ ರೈಲಿನ್ಯಾಗ ಕೂತ ಹೋಗೂ ಊರು ನಮ್ಮ ರಾಜ್ಯ ಅಂತಾರ. ಹೆಣ್ಣಮಗಳನ್ನ ಅಷ್ಟ ದೂರ ಹ್ಯಾಂಗ ಕಳಸೋಣ್ರಿ?” ಆ ತಾಯಿಯ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಕಾಗದ ತೆಗೆದು ಲೆಕ್ಕ ಹಾಕಿ ತೋರಿಸಿದೆವು.

ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯ ಇಂಟರ್ನ್‌ಶಿಪ್. ಒಟ್ಟು ಐದೂವರೆ ವರ್ಷ. ಪುಣೆಯ ಕಾಲೇಜಿಗೆ ನಾಲ್ಕೂವರೆ ವರ್ಷದ ಶುಲ್ಕ 36 ಲಕ್ಷ. ಮನೆಯ ಉಳಿತಾಯ ಆರು ಲಕ್ಷ ಹೋದರೆ 30 ಲಕ್ಷ ಸಾಲ. ಅದನ್ನು ವರ್ಷಕ್ಕೆ ಆರರಂತೆ ಐದು ಕಂತುಗಳಲ್ಲಿ ತೆಗೆದರು ಎನ್ನೋಣ. ಬಡ್ಡಿ ಶೇಕಡಾ 10 ಎನ್ನೋಣ. ಓದು ಮುಗಿದು ಒಂದು ವರ್ಷದ ತನಕ ಬ್ಯಾಂಕು ಕಂತು ಕೇಳುವುದಿಲ್ಲ. ಆದರೆ ಕೇಳದಿದ್ದರೂ ಬಡ್ಡಿ ಮಲಗಿರುವುದಿಲ್ಲ. ಸರಳ ಬಡ್ಡಿಯಿಂದಲೇ ಆರೂವರೆ ವರ್ಷಕ್ಕೆ 13 ಲಕ್ಷ 50 ಸಾವಿರ ಕೂಡಿ, ಮರುಪಾವತಿ ಆರಂಭವಾಗುವ ದಿನ ಸಾಲ 43 ಲಕ್ಷ 50 ಸಾವಿರ ಆಗಿರುತ್ತದೆ. ಹದಿನೈದು ವರ್ಷಗಳಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 46,700 ರೂಪಾಯಿ. ಒಟ್ಟು ಕಟ್ಟುವುದು 84 ಲಕ್ಷ. ಏಳೂವರೆ ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡವು ಕೇಳುತ್ತವೆ. ಅಡವು ಎಂದರೆ ಆ ಮನೆಯವರಿಗೆ ಇರುವ ಒಂದೇ ಆಸ್ತಿ, ಎರಡು ಕೋಣೆಯ ಫ್ಲ್ಯಾಟು.

ಗೋಂದಿಯಾದ ಲೆಕ್ಕ: ಶುಲ್ಕ ಏಳು ಲಕ್ಷ, ಹಾಸ್ಟೆಲು, ಊಟ, ಪುಸ್ತಕ, ರೈಲುದರ ಸೇರಿ ಇನ್ನೊಂದು ಏಳು ಲಕ್ಷ. ಉಳಿತಾಯವನ್ನು ಕಳೆದು, ಕೈತಪ್ಪಿದ ಖರ್ಚಿಗೆ ಸ್ವಲ್ಪ ಮಿತಿಯಿಟ್ಟುಕೊಂಡರೆ ಸಾಲ ಏಳೂವರೆ ಲಕ್ಷದೊಳಗೆ. ಮನೆಯ ಪತ್ರ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಇದನ್ನೂ ಐದು ಕಂತುಗಳಲ್ಲಿ ತೆಗೆದರೆ ತೀರಿಸುವ ಹೊತ್ತಿಗೆ 10 ಲಕ್ಷ 87 ಸಾವಿರ. ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 14,400. ವಾರ್ಷಿಕ ಉತ್ಪನ್ನ ಎಂಟು ಲಕ್ಷದೊಳಗಿದ್ದು ನಿಯಮದಂತೆ ಅರ್ಹರಾದ ಹೆಣ್ಣುಮಕ್ಕಳಿಗೆ ಮಹಾರಾಷ್ಟ್ರ ಸರಕಾರ 2024ರಲ್ಲಿ ವೃತ್ತಿ ಶಿಕ್ಷಣದ ಶುಲ್ಕ ಮಾಫಿ ಮಾಡಿದೆ. ಆ ಸವಲತ್ತು ದೊರೆತರೆ ಸಾಲ ಇನ್ನೂ ಇಳಿಯುತ್ತದೆ. ಒಂದು ಕರಾರನ್ನು ಮರೆಯಬಾರದು: ಮಹಾರಾಷ್ಟ್ರದ ಸರಕಾರಿ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮಾಡಿದವರು ಒಂದು ವರ್ಷ ಸರಕಾರಿ ಸೇವೆ ಮಾಡಬೇಕು.

ಲೆಕ್ಕ ಮುಗಿದಾಗ ಯಾರೂ ಮಾತಾಡಲಿಲ್ಲ. ತಂದೆ ಮಾತ್ರ, “ಮನಿ ಅಡವಿಟ್ಟರ ಇಡೂಣು, ಮಗಳಿಗಿಂತ ಮನಿ ದೊಡ್ಡದಲ್ಲ” ಎಂದರು. ಆ ಮನೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಇದ್ದಾನೆ. ಅವನ ಓದಿನ ಪಾಲೂ ಅದೇ ಫ್ಲ್ಯಾಟಿನಲ್ಲಿದೆ. ಆ ಮಾತನ್ನು ಎತ್ತಿದವಳು ಅಕ್ಕನೇ. “ಅಪ್ಪಾ, ಮನಿ ಕಾಗದ ಬ್ಯಾಂಕಿನ್ಯಾಗ ಇದ್ದ ಮ್ಯಾಲ ನಾ ಮನ್ಯಾಗ ಇದ್ದು ಏನ್ ಸುಖ? ತಮ್ಮಗ ಏನ್ ಉಳೀತೈತಿ?” ಎಂದಳು. ಗೋಂದಿಯಾಕ್ಕೆ ಹೋದಳು, ಈಗ ಎರಡನೆಯ ವರ್ಷ. ದೂರಕ್ಕೆ ಬೆಲೆ ಇಲ್ಲವೆಂದು ನಾವು ಹೇಳುವುದಿಲ್ಲ. ಮೊದಲ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂದಾಗ ತಾಯಿ ಮಹಾರಾಷ್ಟ್ರ ಎಕ್ಸ್‌ಪ್ರೆಸ್ಸಿನಲ್ಲಿ ಒಬ್ಬರೇ ಹೊರಟರು. ದಾರಿಯುದ್ದಕ್ಕೂ ಅವರು ಪಟ್ಟ ಸಂಕಟಕ್ಕೆ ಯಾವ ಖಾತೆಯಲ್ಲಿಯೂ ಕಲಮು ಇಲ್ಲ. ಆದರೆ ಆ ಸಂಕಟಕ್ಕೆ ಮುಗಿಯುವ ದಿನವಿದೆ. ಹದಿನೈದು ವರ್ಷದ ಸಾಲಕ್ಕೆ ಆ ದಿನ ಬಹಳ ದೂರ.

ಇದು ಮಧ್ಯಮ ದರದ ಕಾಲೇಜಿನ ಕಥೆ. ಡೀಮ್ಡ್ ವಿಶ್ವವಿದ್ಯಾಲಯಗಳ ವೈದ್ಯಕೀಯ ಕಾಲೇಜುಗಳಲ್ಲಿ ವರ್ಷದ ಶುಲ್ಕವೇ ಇಪ್ಪತ್ತು ಲಕ್ಷ ದಾಟಿರುವುದು ಸಾಮಾನ್ಯ. ಅಲ್ಲಿಯ ಲೆಕ್ಕ ಕೋಟಿಯ ಲೆಕ್ಕ. ಒಂದು ಕೋಟಿ ಸಾಲಕ್ಕೆ ಶೇಕಡಾ 10ರಂತೆ ಹದಿನೈದು ವರ್ಷದ ಕಂತು ತಿಂಗಳಿಗೆ 1,07,000 ರೂಪಾಯಿ. ಕೈಯಲ್ಲಿ ಹಣವುಳ್ಳವರು ಸುಖವಾಗಿ ಓದಿಸಲಿ. ಅಲ್ಲಿಯೂ ಒಳ್ಳೆಯ ಗುರುಗಳಿದ್ದಾರೆ, ಒಳ್ಳೆಯ ಆಸ್ಪತ್ರೆಗಳಿವೆ. ನಮ್ಮ ಮಾತು ಪಗಾರದ ಮೇಲೆ ಬದುಕುವವರಿಗೆ.

ಇನ್ನು ಸ್ಥಳದ ವಿಚಾರ. ಕಾಲೇಜು ಹತ್ತಿರವೋ ದೂರವೋ ಎಂದು ನಾವು ನಮ್ಮ ಮನೆಯ ಬಾಗಿಲಿನಿಂದ ಅಳೆಯುತ್ತೇವೆ. ವೈದ್ಯವಿದ್ಯೆಯಲ್ಲಿ ಅಳೆಯಬೇಕಾದದ್ದು ರೋಗಿಯ ಹಾಸಿಗೆಯಿಂದ. 1953ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದ ಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜು ತೆರೆದಾಗ ಅಲ್ಲಿ ಪಾಠಕ್ಕೆ ಕೋಣೆಗಳಿದ್ದವು, ದೊಡ್ಡ ಆಸ್ಪತ್ರೆ ಇರಲಿಲ್ಲ. ಆದುದರಿಂದ ರೋಗಿಗಳನ್ನು ಕಂಡು ಕಲಿಯುವ ವರ್ಷಗಳಿಗೆ ವಿದ್ಯಾರ್ಥಿಗಳು ಅರವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ, ಸರಕಾರಿ ವೆನ್ಲಾಕ್ ಆಸ್ಪತ್ರೆಗೆ ಹೋಗುತ್ತಿದ್ದರು. ಕಟ್ಟಡ ಇದ್ದಲ್ಲಿ ಕಾಲೇಜು ತೆರೆಯಬಹುದು. ವೈದ್ಯ ತಯಾರಾಗುವುದು ರೋಗಿ ಇದ್ದಲ್ಲಿ. ಆದುದರಿಂದ ಎರಡು ಕಾಲೇಜುಗಳನ್ನು ತೂಗುವವರು ಎರಡೂ ಆಸ್ಪತ್ರೆಗಳಿಗೆ ಒಂದೊಂದು ಬೆಳಿಗ್ಗೆ ಹೋಗಿ ಹೊರರೋಗಿಗಳ ಸಾಲಿನ ಬಳಿ ನಿಂತು ನೋಡಬೇಕು. ಸಾಲು ಉದ್ದವಿದೆಯೇ? ವಾರ್ಡುಗಳು ತುಂಬಿವೆಯೇ? ಹೆರಿಗೆಯ ಕೋಣೆಯಲ್ಲಿ ದಿನಕ್ಕೆ ಎಷ್ಟು ಹೆರಿಗೆ? ಮೇಲಿನ ವರ್ಷದ ಹುಡುಗರನ್ನು ಕೇಳಿದರೆ ಸತ್ಯ ಹೇಳುತ್ತಾರೆ. ಹಾಗೆಯೇ ಹೆಣ್ಣುಮಕ್ಕಳ ಹಾಸ್ಟೆಲು ಆವರಣದೊಳಗಿದೆಯೇ, ರಾತ್ರಿಪಾಳಿ ಮುಗಿಸಿ ಬರುವ ದಾರಿಯಲ್ಲಿ ದೀಪವಿದೆಯೇ, ಇದನ್ನೂ ಕಣ್ಣಾರೆ ನೋಡಬೇಕು. ತಾಯಂದಿರ ಭಯಕ್ಕೆ ಅರ್ಧ ಔಷಧ ಇದರಲ್ಲೇ ಇದೆ.

ರೋಗಿಯ ಭಾಷೆಯೂ ಸ್ಥಳದ ಮಾತೇ. ಹೊಟ್ಟೆನೋವು ಎಂದವನಿಗೆ ನೋವು ಎಲ್ಲಿ, ಇರಿಯುತ್ತದೆಯೋ ಉರಿಯುತ್ತದೆಯೋ ಎಂದು ಕೇಳಿ ತಿಳಿಯದ ಡಾಕ್ಟರನ ಪದವಿ ಎಷ್ಟು ದೊಡ್ಡದಾದರೇನು? ಇಲ್ಲಿ ನಮ್ಮ ಮಕ್ಕಳು ಭಾಗ್ಯವಂತರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಸಾಲೆಯಲ್ಲಿ ಹಿಂದಿ-ಇಂಗ್ಲಿಷು. ಸಸೂನಿನ ರೋಗಿಯೂ ಹುಬ್ಬಳ್ಳಿಯ ರೋಗಿಯೂ ಅವರೊಡನೆ ಮನಸ್ಸು ಬಿಚ್ಚಿ ಮಾತಾಡಬಲ್ಲರು. ಕನ್ನಡವನ್ನು ಮನೆಯಲ್ಲಿ ಬಿಟ್ಟುಕೊಟ್ಟರೆ ಈ ಬಂಡವಾಳ ಅರ್ಧವಾಗುತ್ತದೆ. ರಾಜ್ಯೋತ್ಸವದ ದಿನ ಇಷ್ಟಾದರೂ ಹೇಳದಿದ್ದರೆ ನಮ್ಮ ಭಾಷಣ ಪೂರ್ಣವಾಗದು.

ಕೊನೆಗೆ ನಮ್ಮ ಮುಖ್ಯ ಅರಿಕೆ. ವೆಚ್ಚ, ಸ್ಥಳ ಎಂದು ನಾವು ಎರಡು ಪ್ರಶ್ನೆಗಳನ್ನು ಕೇಳುತ್ತೇವೆ. ನಮ್ಮ ಲೆಕ್ಕದಲ್ಲಿ ಅವೆರಡೂ ಒಂದೇ ಪ್ರಶ್ನೆ. ಓದುವ ಊರು ಐದೂವರೆ ವರ್ಷದ ಊರು. ಆಮೇಲೆ ಬಾಳುವ ಊರು ಯಾವುದೆಂಬುದನ್ನು ಓದಿಗೆ ತೆತ್ತ ಬೆಲೆ ನಿರ್ಧರಿಸುತ್ತದೆ. ಬಿಬವೇವಾಡಿಯಿಂದ ಕೂಗಳತೆಯಲ್ಲಿರುವ ವಾನವಡಿಯ ಸೈನ್ಯದ ಕಾಲೇಜನ್ನೇ ನೋಡಿ. ಅಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಓದಿದವರು ಸೈನ್ಯದ ಸೇವೆಗೆ ಬದ್ಧರು, ಲಡಾಖಿಗೆ ಕಳಿಸಿದರೆ ಲಡಾಖಿಗೆ ಹೋಗಬೇಕು. ಆ ಕರಾರು ಕಾಗದದ ಮೇಲೆ ಬರೆದದ್ದು, ಗೌರವದ್ದು. ಸಾಲದ ಕರಾರು ಹಾಗಲ್ಲ. ತಿಂಗಳಿಗೆ ಅರ್ಧಲಕ್ಷ ಕಂತು ಕಟ್ಟುವ ತರುಣ ವೈದ್ಯನಿಗೆ ಇಂಡಿ, ಸಿಂದಗಿಯ ದವಾಖಾನೆಯಲ್ಲಿ ಕೂಡುವ ಮನಸ್ಸಿದ್ದರೂ ಕೂಡಲಾಗದು. ಮುಂದಿನ ಓದಿಗೆ ಮೂರು ವರ್ಷ ಕೊಡುವ ಇಚ್ಛೆಯಿದ್ದರೂ ಕಂತು ಬಿಡದು. ಪಗಾರ ಎಲ್ಲಿ ಹೆಚ್ಚೋ ಅಲ್ಲಿಗೆ ಅವನನ್ನು ಸಾಲವೇ ಎಳೆದೊಯ್ಯುತ್ತದೆ. ಮಗಳು ಹತ್ತಿರ ಇರಲಿ ಎಂದು ಮಾಡಿದ ಸಾಲವೇ ಆಮೇಲೆ ಅವಳನ್ನು ಸಮುದ್ರದಾಚೆಗೆ ಕಳಿಸೀತು.

ಸಂಘದ ಹಿರಿಯರಲ್ಲಿ ಒಂದು ಬಿನ್ನಹ. ಪ್ರತಿ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ ಒಂದು ಸಂಜೆ ಇಲ್ಲಿ ಪಾಲಕರನ್ನು ಕೂಡಿಸೋಣ. ನಮ್ಮಲ್ಲಿಯ ವೈದ್ಯರು ಆಸ್ಪತ್ರೆಯ ಮಾತು ಹೇಳಲಿ, ವಕೀಲರು ವಾಸದ ನಿಯಮ ಹೇಳಲಿ. ಬಡ್ಡಿಯ ಲೆಕ್ಕವನ್ನು ನಾವು ಮಾಡಿಕೊಡುತ್ತೇವೆ. ಗೋಂದಿಯಾ, ಹುಬ್ಬಳ್ಳಿ, ಕಲಬುರಗಿಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳ ಪಟ್ಟಿಯೊಂದು ಸಂಘದಲ್ಲಿರಲಿ; ಹೊಸದಾಗಿ ಹೊರಟ ಹುಡುಗಿಗೆ ರೈಲು ಇಳಿದ ಕೂಡಲೆ “ಬಾ ತಂಗಿ” ಎನ್ನುವ ಒಂದು ಕನ್ನಡ ದನಿ ಅಲ್ಲಿರಲಿ. ಹಾಗಾದರೆ ದೂರ ಎಂಬುದು ಅರ್ಧವಾಗುತ್ತದೆ; ಅದಕ್ಕೆ ಯಾವ ಬ್ಯಾಂಕಿನ ಸಾಲವೂ ಬೇಕಿಲ್ಲ.